ಕೋವೆನ್ ಬಾಗಿಲು ತಟ್ಟುವ ಮುಂಚೆ: ವಿಕ್ಕಾದ ದೀಕ್ಷೆ, ಮೂರು ಡಿಗ್ರಿ, ಮತ್ತೆ ಒಬ್ಬರೇ ನಡೆಯುವ ದಾರಿ

“ಅಕ್ಕ, ಮೂರನೇ ಡಿಗ್ರಿ ಆಗೋಕೆ ಎಷ್ಟು ವರ್ಷ ಬೇಕು? ಎಷ್ಟು ಖರ್ಚಾಗುತ್ತೆ?” ವಿಕ್ಕಾ ಬಗ್ಗೆ ನನ್ನನ್ನು ಕೇಳುವ ನಮ್ಮ ಹುಡುಗ ಹುಡುಗಿಯರು ಬಹುಪಾಲು ಶುರು ಮಾಡೋದೇ ಇಲ್ಲಿಂದ. ವಿಕ್ಕಾ ಅಂದ್ರೆ ಇಪ್ಪತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ರೂಪುಗೊಂಡ, ದೇವ ದೇವಿಯರ ಪೂಜೆಯ ಜೊತೆಗೆ ಮಾಟವನ್ನೂ ಆಚರಿಸುವ ಧರ್ಮ, ಅದನ್ನು ಒಟ್ಟಿಗೆ ಆಚರಿಸುವ ಪುಟ್ಟ ಗುಂಪು ಕೋವೆನ್. ಖರ್ಚಿನ ಉತ್ತರ ಸುಲಭ. ಒಂದು ಪೆನ್ನಿಯೂ ಇಲ್ಲ, ಇರಲೂ ಕೂಡದು. ವರ್ಷದ ಪ್ರಶ್ನೆ ಕೇಳುವ ಮುಂಚೆ ಡಿಗ್ರಿ ಅಂದ್ರೆ ಏನು ಅನ್ನೋದನ್ನು ಸರಿಮಾಡ್ಕೊಳ್ಳಬೇಕು. ಇದು ಯೂನಿವರ್ಸಿಟಿ ಪದವಿ ಅಲ್ಲ. ಒಂದು ಪರಂಪರೆಯವರು ನಿಮ್ಮನ್ನು ತಮ್ಮವರು ಅಂತ ಒಪ್ಪಿಕೊಂಡ ಗುರುತು. ಆ ಪರಂಪರೆಯ ಹೊಸ್ತಿಲಿನ ಹೊರಗೆ ಅದಕ್ಕೆ ಬೆಲೆ ಇಲ್ಲ, ಇರಬೇಕು ಅಂತ ಅಲ್ಲಿಯವರು ಬಯಸೋದೂ ಇಲ್ಲ.

ನಾನು ಶಿಕಾರಿಪುರದ ಕಡೆಯವಳು. ಈಗ ಇರೋದು ಲಂಡನ್ನಿನ ಉತ್ತರಕ್ಕೆ ಸೇಂಟ್ ಆಲ್ಬನ್ಸ್‌ನಲ್ಲಿ, ಕೆಲಸ ಆಸ್ಪತ್ರೆಯ ಫಾರ್ಮಸಿಯಲ್ಲಿ. ಮೊದಲು ವರ್ಷಗಟ್ಟಲೆ ಒಬ್ಬಳೇ ಆಚರಿಸ್ತಿದ್ದೆ, ಆಮೇಲೆ ಒಂದು ಗಾರ್ಡ್ನೇರಿಯನ್ ಕೋವೆನ್‌ನಲ್ಲಿ, ಅಂದ್ರೆ ಜೆರಾಲ್ಡ್ ಗಾರ್ಡ್ನರ್ ಹಾಕಿಕೊಟ್ಟ ಪದ್ಧತಿಯದರಲ್ಲಿ, ಮೊದಲ ಡಿಗ್ರಿಯ ದೀಕ್ಷೆ ಆಯ್ತು. ಎರಡನೇದಕ್ಕೆ ಕರೆದರು, ಒಲ್ಲೆ ಅಂದೆ. ಎರಡೂ ಕಡೆ ಕಾಲಿಟ್ಟವಳಾದ್ದರಿಂದ ಇದನ್ನು ಬರೆಯೋಕೆ ಹೊರಟಿದ್ದೀನಿ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ: ಗುಟ್ಟು ಕಾಯ್ತೀನಿ ಅಂತ ಪ್ರಮಾಣ ಮಾಡಿ ಕಲಿತದ್ದು ಯಾವುದೂ ಇಲ್ಲಿ ಬರಲ್ಲ. ದಶಕಗಳಿಂದ ಅಚ್ಚಾಗಿ ಅಂಗಡಿಯಲ್ಲಿ ಸಿಗುತ್ತಿರೋದನ್ನು ಮಾತ್ರ ಹೇಳ್ತೀನಿ.

ಈ ಡಿಗ್ರಿಗಳು ಎಲ್ಲಿಂದ ಬಂದವು

ಸೇಂಟ್ ಆಲ್ಬನ್ಸ್‌ನಿಂದ ವಾಟ್‌ಫರ್ಡ್ ಜಂಕ್ಷನ್‌ಗೆ ಆಬಿ ಲೈನ್ ಅಂತ ಒಂದು ಪುಟ್ಟ ರೈಲು ಓಡುತ್ತೆ. ನಡುವೆ ಬ್ರಿಕೆಟ್ ವುಡ್ ಅಂತ ನಿಲ್ದಾಣ. ಇಳಿದು ನೋಡಿದರೆ ವಿಶೇಷ ಏನೂ ಇಲ್ಲ, ಮರ, ಮನೆ, ನಾಯಿ ಓಡಾಡಿಸೋ ಜನ. ಆದರೆ ವಿಕ್ಕಾವನ್ನು ಜಗತ್ತಿಗೆ ಪರಿಚಯಿಸಿದ ಜೆರಾಲ್ಡ್ ಗಾರ್ಡ್ನರ್ ತನ್ನ ಕೋವೆನ್ ನಡೆಸಿದ್ದು ಇದೇ ಊರಲ್ಲಿ, ಬಟ್ಟೆ ಇಲ್ಲದೆ ಬಿಸಿಲು ಕಾಯಿಸುವವರ ಕ್ಲಬ್ ಒಂದರ ಜಾಗದಲ್ಲಿ. ಪೂಜೆಗೆ ಅಂತ ಅವನು ಬಳಸಿದ ಹಳೇ ಕಾಲದ ಮಾಟಗಾತಿಯ ಕುಟೀರವೂ ಆ ಊರದ್ದಲ್ಲ. ನ್ಯೂ ಬಾರ್ನೆಟ್‌ನ ಒಂದು ಜಾನಪದ ವಸ್ತುಸಂಗ್ರಹಾಲಯದಿಂದ ಕೊಂಡು, ಬಿಚ್ಚಿ ತಂದು, ಇಲ್ಲಿ ಮತ್ತೆ ಕಟ್ಟಿದ್ದು. ವಿಕ್ಕಾದ ಇತಿಹಾಸ ಪೂರ್ತಿ ಹೀಗೇ. ತುಂಡುಗಳು ಹಳೇವು, ಜೋಡಣೆ ಹೊಸದು.

ಗಾರ್ಡ್ನರ್ 1884ರಲ್ಲಿ ಹುಟ್ಟಿದವನು. ಸಿಲೋನ್, ಬೋರ್ನಿಯೋ, ಮಲಯದಲ್ಲಿ ಚಹಾ ತೋಟ, ರಬ್ಬರ್ ತೋಟ, ಕಸ್ಟಮ್ಸ್ ಅಂತ ಜೀವನ ಸವೆಸಿ, 1936ರಲ್ಲಿ ನಿವೃತ್ತನಾಗಿ ಇಂಗ್ಲೆಂಡಿಗೆ ಬಂದ. 1939ರಲ್ಲಿ ನ್ಯೂ ಫಾರೆಸ್ಟ್ ಕಡೆಯ ಒಂದು ಹಳೇ ಕೋವೆನ್ ತನಗೆ ದೀಕ್ಷೆ ಕೊಟ್ಟಿತು ಅನ್ನೋದು ಅವನ ಮಾತು. ಮಾಟದ ವಿರುದ್ಧದ 1735ರ ಕಾಯ್ದೆ 1951ರಲ್ಲಿ ರದ್ದಾಯ್ತು, 1954ರಲ್ಲಿ ಅವನು ಬಹಿರಂಗವಾಗಿ ಪುಸ್ತಕ ಬರೆದ. ಇಲ್ಲಿ ನಿಮಗೆ ಮುಖ್ಯವಾದ ವಿಷಯ ಇನ್ನೊಂದಿದೆ. ಕೊಲಂಬೊದಲ್ಲಿದ್ದಾಗ 1910ರಲ್ಲೇ ಅವನು ಫ್ರೀಮೇಸನ್ ಆಗಿದ್ದ, ಅಂದ್ರೆ ಗುಟ್ಟಿನ ದೀಕ್ಷೆಗಳಿರುವ ಒಂದು ಹಳೇ ಸಂಘದ ಸದಸ್ಯ. ಮೇಸನ್ನರಲ್ಲಿ ಮೂರು ಡಿಗ್ರಿ, ವಿಕ್ಕಾದಲ್ಲೂ ಮೂರು. ಅಲ್ಲಿ ಕಣ್ಣಿಗೆ ಬಟ್ಟೆ, ಕೊರಳಿಗೆ ಹಗ್ಗ, ಎದೆಗೆ ಚೂಪು ಮೊನೆ, ಪ್ರಮಾಣ, ಉಪಕರಣಗಳ ಪರಿಚಯ, ಇಲ್ಲೂ ಅವೇ. ಮೂರು ಸಾವಿರ ವರ್ಷದಿಂದ ತುಂಡಾಗದೆ ಬಂದ ದೀಕ್ಷೆ ಅಂತ ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ. ಇತಿಹಾಸಕಾರ ರೊನಾಲ್ಡ್ ಹಟನ್ 1999ರಲ್ಲಿ ಇದನ್ನೆಲ್ಲ ಬಿಡಿಸಿ ಬರೆದ ಮೇಲೆ ಓದಿಕೊಂಡ ವಿಕ್ಕನ್ನರು ಆ ಮಾತನ್ನು ಆಡೋದು ಬಿಟ್ಟಿದ್ದಾರೆ. ನನಗಂತೂ ಇದರಿಂದ ನಷ್ಟ ಏನೂ ಅನ್ನಿಸಿಲ್ಲ. ಹೊಸದು ಅಂತ ಗೊತ್ತಿದ್ದೇ ಒಳಗೆ ಹೋದೆ.

ಮೂರು ಡಿಗ್ರಿಯಲ್ಲಿ ಏನೇನಾಗುತ್ತೆ

ಮೊದಲನೇದರಿಂದ ನೀವು ವಿಚ್, ಅಂದ್ರೆ ಮಾಟ ಆಚರಿಸುವವರು, ಆಗ್ತೀರಿ, ಜೊತೆಗೆ ಪೂಜಾರಿ ಅಥವಾ ಪೂಜಾರಿಣಿಯೂ ಆಗ್ತೀರಿ. ಈ ಮಾತನ್ನು ಹೊಸಬರು ಹಗುರವಾಗಿ ತಗೊಳ್ತಾರೆ. ಕೋವೆನ್‌ನಲ್ಲಿ ಭಕ್ತರು ಅಂತ ಬೇರೆ ವರ್ಗ ಇಲ್ಲ, ಒಳಗಿರುವ ಎಲ್ಲರೂ ಪೂಜೆ ಮಾಡುವವರೇ. ಸುಮ್ಮನೆ ಕೂತು ನೋಡಿ ಪ್ರಸಾದ ತಗೊಂಡು ಬರ್ತೀನಿ ಅನ್ನೋರಿಗೆ ಅಲ್ಲಿ ಜಾಗ ಇಲ್ಲ.

ಅಚ್ಚಾಗಿರುವ ವಿಧಿಗಳ ಪ್ರಕಾರ ದೀಕ್ಷೆ ಹೀಗೆ ನಡೆಯುತ್ತೆ. ಸ್ನಾನ ಮಾಡಿ ಬರ್ತೀರಿ. ವೃತ್ತದ ಆಚೆ ನಿಮ್ಮ ಕಣ್ಣಿಗೆ ಬಟ್ಟೆ ಕಟ್ತಾರೆ, ಕೈ ಎರಡನ್ನೂ ಬೆನ್ನ ಹಿಂದೆ ದಾರದಿಂದ ಬಿಗಿದು ಅದರ ತುದಿ ಕೊರಳಿಗೆ ತರ್ತಾರೆ. ಒಂದು ಕಾಲಿಗೆ ಮಾತ್ರ ದಾರ, ಅಂದ್ರೆ ಪೂರ್ತಿ ಕಟ್ಟೂ ಅಲ್ಲ, ಪೂರ್ತಿ ಬಿಡುಗಡೆಯೂ ಅಲ್ಲ. ವೃತ್ತ ಒಂಬತ್ತು ಅಡಿ ಅಗಲದ್ದು. ಅದರ ಅಂಚಿನಲ್ಲಿ ಎದೆಗೆ ಮೊನೆ ತಾಗುತ್ತೆ. ಭಯ ಇಟ್ಕೊಂಡು ಒಳಗೆ ಬರೋದಕ್ಕಿಂತ ಈ ಅಲಗಿಗೆ ಬಿದ್ದು ಸಾಯೋದು ಲೇಸು ಅನ್ನುವ ಅರ್ಥದ ಎಚ್ಚರಿಕೆ ಕೇಳಿಸುತ್ತೆ. ನೀವು ಕೊಡುವ ಗುಟ್ಟಿನ ಮಾತು ಎರಡು: ಪರಿಪೂರ್ಣ ಪ್ರೀತಿ, ಪರಿಪೂರ್ಣ ನಂಬಿಕೆ. ಒಳಗೆ ಕರೆದುಕೊಂಡು ನಾಲ್ಕು ದಿಕ್ಕಿಗೂ ನಿಮ್ಮನ್ನು ತೋರಿಸ್ತಾರೆ. ಪಾದದಿಂದ ತುಟಿಯವರೆಗೆ ಐದು ಕಡೆ ಮುತ್ತಿಟ್ಟು ಹರಸ್ತಾರೆ. ಆಮೇಲೆ ದಾರ ಹಿಡಿದು ನಿಮ್ಮ ಅಳತೆ ತಗೊಳ್ತಾರೆ. ತಲೆಯಿಂದ ಪಾದಕ್ಕೆ, ಹಣೆಯ ಸುತ್ತ, ಎದೆಯ ಸುತ್ತ, ಸೊಂಟದ ಸುತ್ತ, ಪ್ರತಿ ಅಳತೆಗೂ ಒಂದು ಗಂಟು. ಚಾವಟಿಯಿಂದ ನಲವತ್ತು ಏಟು, ಮೂರು, ಏಳು, ಒಂಬತ್ತು, ಇಪ್ಪತ್ತೊಂದು ಅಂತ ಎಣಿಸಿ. ಗಾಬರಿ ಬೇಡ, ಚಾವಟಿ ಸಾಮಾನ್ಯವಾಗಿ ಮೆತ್ತನೆಯ ದಾರದ್ದು. ಆಮೇಲೆ ಪ್ರಮಾಣ. ಎಣ್ಣೆ, ವೈನ್, ಮುತ್ತು, ಈ ಮೂರರಿಂದ ಅಭಿಷೇಕ. ಕೊನೆಗೆ ಕಣ್ಣಿನ ಬಟ್ಟೆ ಬಿಚ್ಚಿ, ಒಂದೊಂದೇ ಉಪಕರಣ ಕೈಗಿಡ್ತಾರೆ: ಖಡ್ಗ, ಕಪ್ಪು ಹಿಡಿಯ ಚೂರಿ ಅಂದ್ರೆ ಅಥಾಮೆ, ಬಿಳಿ ಹಿಡಿಯ ಚೂರಿ, ಕೋಲು, ಪೆಂಟಕಲ್ ಅನ್ನುವ ತಟ್ಟೆ, ಧೂಪದಾನಿ, ಚಾವಟಿ, ದಾರ.

ಆ ಅಳತೆಯ ದಾರದ ಬಗ್ಗೆ ಮೊದಲೇ ಕೇಳಿ ತಿಳ್ಕೊಳ್ಳಿ. ಕೆಲವು ಕೋವೆನ್‌ಗಳು ಅದನ್ನು ತಾವೇ ಇಟ್ಕೊಳ್ತವೆ, ಕೆಲವು ನಿಮ್ಮ ಕೈಗೇ ವಾಪಸ್ ಕೊಡ್ತವೆ. ಯಾವುದು ನಿಮಗೆ ಒಗ್ಗುತ್ತೆ ಅನ್ನೋದು ಆ ಜನರ ಮೇಲೆ ನಿಮಗೆಷ್ಟು ಭರವಸೆ ಇದೆ ಅನ್ನೋದನ್ನು ನಿಮಗೇ ತೋರಿಸಿಕೊಡುತ್ತೆ.

ಎರಡನೇ ಡಿಗ್ರಿಯಲ್ಲಿ ನೀವು ಹೈ ಪ್ರೀಸ್ಟ್ ಅಥವಾ ಹೈ ಪ್ರೀಸ್ಟೆಸ್, ಅಂದ್ರೆ ಹಿರಿಯ ಪೂಜಾರಿ ಅಥವಾ ಪೂಜಾರಿಣಿ. ದೇವಿ ಪಾತಾಳಕ್ಕಿಳಿದು ಮೃತ್ಯುವನ್ನು ಎದುರಿಸುವ ಕಥೆಯನ್ನು ಆಗ ಆಡಿ ತೋರಿಸ್ತಾರೆ. ನಿಮಗೆ ಬಿದ್ದ ಏಟಿನ ಮೂರರಷ್ಟನ್ನು ದೀಕ್ಷೆ ಕೊಟ್ಟವರಿಗೆ ನೀವು ಹಿಂತಿರುಗಿಸ್ತೀರಿ. ಮಾಡಿದ್ದು ಮುಪ್ಪಟ್ಟಾಗಿ ಬರುತ್ತೆ ಅನ್ನುವ ಅವರ ನಂಬಿಕೆಯ ಅಭಿನಯ ಅದು. ಇದಾದ ಮೇಲೆ ನಿಮ್ಮ ಕೋವೆನ್ ನಡೆಸುವ ಹೈ ಪ್ರೀಸ್ಟೆಸ್ ಒಪ್ಪಿಗೆಯ ಮೇಲೆ ಬೇರೆಯವರಿಗೆ ದೀಕ್ಷೆ ಕೊಡಬಹುದು, ಕಲಿಸಬಹುದು. ಕೊಡಬಹುದು ಅನ್ನೋದು ಕೆಲವೇ ದಿನದಲ್ಲಿ ಕೊಡಲೇಬೇಕು ಆಗುತ್ತೆ. ಹೊಸಬರ ಫೋನು, ಹೊಸಬರ ಅಳು, ಹೊಸಬರ ಗಂಡಂದಿರ ಅನುಮಾನ, ಎಲ್ಲ ನಿಮ್ಮ ತಲೆಗೇ. ವಾರದ ನಾಲ್ಕು ದಿನ ಕ್ಯಾನ್ಸರ್ ಔಷಧಿ ಎಣಿಸುವ ನನಗೆ ಮತ್ತೊಬ್ಬರ ಒಳಗುದಿ ಹೊರುವ ಶಕ್ತಿ ಉಳಿದಿರಲಿಲ್ಲ. ಅದಕ್ಕೇ ಬೇಡ ಅಂದೆ. ಯಾರೂ ಮುಖ ಸಿಂಡರಿಸಲಿಲ್ಲ. ಜೀವನವಿಡೀ ಮೊದಲ ಡಿಗ್ರಿಯಲ್ಲೇ ಇದ್ದವರು ಬೇಕಾದಷ್ಟು ಜನ ಇದ್ದಾರೆ.

ಮೂರನೇದು ಅಂದ್ರೆ ಕೂಡು ಕುಟುಂಬದಿಂದ ಹಿಸ್ಸೆಯಾಗಿ ಬೇರೆ ಒಲೆ ಹೂಡಿದ ಹಾಗೆ. ಯಾರ ಅಪ್ಪಣೆಯೂ ಬೇಡದೆ ಸ್ವಂತ ಕೋವೆನ್ ನಡೆಸಬಹುದು. ಇದರ ವಿಧಿಗೆ ಗ್ರೇಟ್ ರೈಟ್ ಅಂತಾರೆ, ದೇವ ದೇವಿಯರ ಕೂಡಿಕೆ. ಬಹಳ ಕಡೆ ಅದು ಸಂಕೇತವಾಗಿ ನಡೆಯುತ್ತೆ. ಒಬ್ಬರು ವೈನ್ ತುಂಬಿದ ಬಟ್ಟಲು ಹಿಡಿದಿರ್ತಾರೆ, ಇನ್ನೊಬ್ಬರು ಅಥಾಮೆಯ ತುದಿಯನ್ನು ಅದರಲ್ಲಿ ಅದ್ದುತ್ತಾರೆ. ನಿಜವಾಗಿ ಕೂಡೋದು ಅಂತಾದರೆ ಅದು ಮೊದಲೇ ಜೋಡಿಯಾಗಿರುವ ಇಬ್ಬರ ನಡುವೆ, ಬೇರೆಯವರು ಆಚೆ ಹೋದ ಮೇಲೆ. ಇದನ್ನು ಒತ್ತಿ ಹೇಳ್ತಿದ್ದೀನಿ, ಕಾರಣ ಮುಂದೆ ಬರುತ್ತೆ. ಅಲೆಕ್ಸಾಂಡ್ರಿಯನ್ ಪರಂಪರೆಯಲ್ಲಿ, ಅಂದ್ರೆ 1960ರ ದಶಕದಲ್ಲಿ ಅಲೆಕ್ಸ್ ಮತ್ತು ಮ್ಯಾಕ್ಸೀನ್ ಸ್ಯಾಂಡರ್ಸ್ ದಂಪತಿ ಶುರು ಮಾಡಿದ್ದರಲ್ಲಿ, ಎರಡು ಮೂರನ್ನು ಒಂದೇ ರಾತ್ರಿ ಕೊಡೋದೂ ಉಂಟು.

ಕೋವೆನ್ ಹುಡುಕೋದು

ಹದಿನೆಂಟು ತುಂಬಿರಬೇಕು. ಅದಕ್ಕಿಂತ ಚಿಕ್ಕವರನ್ನು ಸೇರಿಸ್ಕೊಳ್ತೀವಿ ಅನ್ನುವ ಗುಂಪಿಂದ ದೂರ ಇರಿ.

ಬ್ರಿಟನ್ನಿನಲ್ಲಿದ್ದರೆ 1971ರಿಂದ ಇರುವ ಪೇಗನ್ ಫೆಡರೇಷನ್ ಮೂಲಕ ಶುರು ಮಾಡಿ. ಪೇಗನ್ ಅಂದ್ರೆ ಕ್ರೈಸ್ತಪೂರ್ವ ಕಾಲದ ದೇವತೆಗಳನ್ನೂ ಪ್ರಕೃತಿಯನ್ನೂ ಪೂಜಿಸುವವರು, ವಿಕ್ಕನ್ನರೂ ಅದರಲ್ಲೇ ಬರ್ತಾರೆ. ಊರೂರಿನ ಪಬ್‌ಗಳಲ್ಲಿ ಮೂಟ್ ಅಂತ ಮಾಮೂಲಿ ಭೇಟಿಗಳು ನಡೀತವೆ. ಯಾರು ಬೇಕಾದರೂ ಹೋಗಬಹುದು, ಕುಡಿಯಲೇಬೇಕಂತಿಲ್ಲ. ನಾನು ಲೈಮ್ ಸೋಡಾ ಹಿಡಿದು ಮೂಲೆಯಲ್ಲಿ ಕೂತಿರ್ತಿದ್ದೆ. ಅಮೆರಿಕದಲ್ಲಿದ್ದರೆ 1975ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಕೋವೆನೆಂಟ್ ಆಫ್ ದ ಗಾಡೆಸ್ ಅನ್ನುವ ಕೋವೆನ್‌ಗಳ ಒಕ್ಕೂಟ ಇದೆ. ಹೋದ ಮೊದಲ ದಿನವೇ ‘ನನಗೆ ದೀಕ್ಷೆ ಬೇಕು’ ಅನ್ನಬೇಡಿ. ಹೋಗ್ತಾ ಬರ್ತಾ ಇರಿ. ಯಾರು ನಂಬಿಕಸ್ತರು, ಯಾರ ಬಗ್ಗೆ ಎಲ್ಲರೂ ಕಣ್ಣಲ್ಲೇ ಎಚ್ಚರಿಸ್ತಾರೆ ಅನ್ನೋದು ತಾನಾಗಿ ಗೊತ್ತಾಗುತ್ತೆ.

ಕೋವೆನ್ ಒಂದು ನಿಮ್ಮನ್ನು ಗಮನಿಸಲು ಒಪ್ಪಿದರೆ ಮೊದಲು ಔಟರ್ ಕೋರ್ಟ್, ಅಂದ್ರೆ ಹೊರ ಅಂಗಳ. ಓದು, ಚರ್ಚೆ, ಸರಳವಾದ ಆಚರಣೆಗಳು. ಪ್ರಮಾಣದೊಳಗಿನ ಸಂಗತಿ ಯಾವುದೂ ಅಲ್ಲಿ ಇರಲ್ಲ. ರೂಢಿಯಲ್ಲಿ ಇದು ಒಂದು ವರ್ಷ ಒಂದು ದಿನ, ಎಷ್ಟೋ ಕಡೆ ಇನ್ನೂ ಹೆಚ್ಚು. ಈ ಕಾಯುವಿಕೆ ಅವರಿಗಾಗಿ ಮಾತ್ರ ಅಂದ್ಕೋಬೇಡಿ. ಅವರು ನಿಮ್ಮನ್ನು ನೋಡ್ತಿರುವ ಹಾಗೇ ನೀವೂ ಅವರನ್ನು ನೋಡಿ. ಹೈ ಪ್ರೀಸ್ಟೆಸ್ ತನ್ನ ಗಂಡನಿಗೆ, ವೇಟರ್‌ಗೆ, ತಡವಾಗಿ ಬಂದ ಸದಸ್ಯನಿಗೆ ಹೇಗೆ ಮಾತಾಡ್ತಾಳೆ? ಬಿಟ್ಟುಹೋದವರ ಬಗ್ಗೆ ಏನು ಹೇಳ್ತಾರೆ? ಬಿಟ್ಟವರೆಲ್ಲ ಕೆಟ್ಟವರು ಅನ್ನುವ ಗುಂಪಿನಲ್ಲಿ ನಾಳೆ ನೀವೂ ಆ ಪಟ್ಟಿಗೆ ಸೇರ್ತೀರಿ.

ಕೇಳಲೇಬೇಕಾದ ಪ್ರಶ್ನೆಗಳನ್ನು ನಾಚಿಕೆ ಬಿಟ್ಟು ಕೇಳಿ. ನಿಮಗೆ ದೀಕ್ಷೆ ಕೊಟ್ಟವರು ಯಾರು, ಅವರಿಗೆ ಯಾರು? ಗಾರ್ಡ್ನೇರಿಯನ್ ಅನ್ನೋರು ತಮ್ಮ ಸಾಲನ್ನು ಗಾರ್ಡ್ನರ್‌ನ ಕೋವೆನ್‌ವರೆಗೆ ಹೇಳಬಲ್ಲವರಾಗಿರ್ತಾರೆ, ಅದೇ ಸಾಲಿನ ಇನ್ನೊಬ್ಬರು ಹೌದು ಅಂತ ಸಾಕ್ಷಿ ಹೇಳ್ತಾರೆ. ಆ ಹೆಸರುಗಳು ಹೊರ ಅಂಗಳದಲ್ಲಿರುವಾಗಲೇ ನಿಮಗೆ ಸಿಗಲಿಕ್ಕಿಲ್ಲ, ಆದರೆ ಬೇರೆ ಕೋವೆನ್‌ನವರು ಇವರನ್ನು ಒಪ್ಪುತ್ತಾರಾ ಅನ್ನೋದನ್ನು ವಿಚಾರಿಸಬಹುದು. ಆಚರಣೆ ಬೆತ್ತಲೆಯಾಗಿಯೋ, ನಿಲುವಂಗಿ ತೊಟ್ಟೋ? ಗಾರ್ಡ್ನೇರಿಯನ್ನರಲ್ಲಿ ಬೆತ್ತಲೆಯೇ ರೂಢಿ. ಅಕ್ಕಮಹಾದೇವಿಯ ಉಡುತಡಿ ನಮ್ಮ ಊರಿಗೆ ಹತ್ತಿರವೇ, ಆದರೂ ಈ ಮಾತು ಮೊದಲ ಸಲ ಕೇಳಿದಾಗ ನನ್ನ ಕಿವಿ ಬಿಸಿಯಾಗಿತ್ತು. ಒಗ್ಗಲ್ಲ ಅನ್ನಿಸಿದರೆ ನಿಲುವಂಗಿಯ ಕೋವೆನ್ ಹುಡುಕಿ, ‘ಆಮೇಲೆ ಅಭ್ಯಾಸ ಆಗುತ್ತೆ’ ಅಂತ ನಿಮಗೆ ನೀವೇ ಬಲವಂತ ಮಾಡ್ಕೋಬೇಡಿ. ಹೆಣ್ಣಿಗೆ ಗಂಡು, ಗಂಡಿಗೆ ಹೆಣ್ಣು ದೀಕ್ಷೆ ಕೊಡೋದು ಹಳೇ ನಿಯಮ. ಸಲಿಂಗಿಗಳೂ ಟ್ರಾನ್ಸ್ ಜನರೂ ಇದನ್ನು ಮುಂಚೆಯೇ ಕೇಳಿಬಿಡೋದು ಒಳ್ಳೇದು. ಕೆಲವು ಸಾಲುಗಳು ಸಡಿಲಿಸಿವೆ, ಕೆಲವು ಜಪ್ಪಯ್ಯ ಅನ್ನಲ್ಲ.

ಎದ್ದು ಬರಬೇಕಾದ ಸಂದರ್ಭ ಎರಡು. ದೀಕ್ಷೆಗೆ ದುಡ್ಡು ಕೇಳಿದರೆ ಎದ್ದು ಬನ್ನಿ. ಮೇಣದಬತ್ತಿ, ವೈನ್, ಹಾಲ್ ಬಾಡಿಗೆಗೆ ಪಾಲು ಹಾಕ್ಕೊಳ್ಳೋದು ಬೇರೆ ಮಾತು. ದೀಕ್ಷೆಗೆ ಮೈ ಒಪ್ಪಿಸಬೇಕು ಅಂದರೆ ಎದ್ದು ಬಂದು ಪೊಲೀಸರಿಗೂ ಹೇಳಿ. ಯಾವ ಡಿಗ್ರಿಗೂ ಅದು ಬೇಕಾಗಿಲ್ಲ, ಕೂಡಿಕೆಯನ್ನು ಸಂಕೇತವಾಗಿ ಮಾಡ್ತಾರೆ ಅಂತ ಮೇಲೆ ಒತ್ತಿ ಹೇಳಿದ್ದು ಇದಕ್ಕೇ. ‘ನಿನಗೆ ಗೊತ್ತಿಲ್ಲ, ಮೂರನೇ ಡಿಗ್ರಿಯ ಗುಟ್ಟು ಇದೇ’ ಅನ್ನುವವನಿಗೆ ಗೊತ್ತಿರೋದು ಏನು ಅನ್ನೋದು ನಿಮಗೂ ಗೊತ್ತು.

ಇನ್ನೊಂದು ಚಿಕ್ಕ ಸಂಗತಿ, ಯಾರೂ ಹೇಳಲ್ಲ. ಅಥಾಮೆಯನ್ನು ಹ್ಯಾಂಡ್‌ಬ್ಯಾಗಿನಲ್ಲಿ ಹಾಕ್ಕೊಂಡು ರೈಲು ಹತ್ತಬೇಡಿ. ಮೂರು ಇಂಚಿನೊಳಗಿನ ಮಡಚುವ ಚಾಕು ಬಿಟ್ಟರೆ ಬ್ರಿಟನ್ನಿನಲ್ಲಿ ಸಕಾರಣ ಇಲ್ಲದೆ ಹೊರಗೆ ಅಲಗು ಹಿಡಿದು ಓಡಾಡೋದು ಅಪರಾಧ. ಧಾರ್ಮಿಕ ಕಾರಣವನ್ನು ಕಾನೂನು ಒಪ್ಪುತ್ತೆ ನಿಜ, ಆದರೆ ರಾತ್ರಿ ಹತ್ತರ ಹೊತ್ತಿಗೆ ಪ್ಲಾಟ್‌ಫಾರಂ ಮೇಲೆ ಅದನ್ನು ವಿವರಿಸುತ್ತಾ ನಿಲ್ಲುವ ಪಾಡು ಬೇಡ. ಕೋವೆನ್ ನಡೆಯುವ ಮನೆಯಲ್ಲೇ ಬಿಟ್ಟು ಬನ್ನಿ.

ಒಬ್ಬರೇ ಮಾಡುವವರಿಗೆ

2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 13,000 ಜನ ಧರ್ಮದ ಜಾಗದಲ್ಲಿ ವಿಕ್ಕಾ ಅಂತ ಬರೆದರು, 74,000 ಜನ ಪೇಗನ್ ಅಂದರು. ರೂಢಿಯ ಮಾತಿನಂತೆ ಒಂದು ಕೋವೆನ್‌ಗೆ ಹದಿಮೂರೇ ಜನ. ನನಗೆ ಗೊತ್ತಿರುವ ಯಾವ ಕೋವೆನ್ನೂ ಆ ಹದಿಮೂರನ್ನು ಮುಟ್ಟಿಲ್ಲ, ಆರೋ ಏಳೋ ಇರ್ತಾರೆ. ಇಷ್ಟು ಪುಟ್ಟ ಕೋವೆನ್‌ಗಳಲ್ಲಿ ಅಷ್ಟೂ ಜನ ಹಿಡಿಸೋದು ಕಷ್ಟ, ಹಾಗಾಗಿ ಒಬ್ಬರೇ ಮಾಡೋದು ಕೋವೆನ್ ಸಿಗದವರ ಗತಿಗೇಡಿನ ದಾರಿ ಅಂತ ತಿಳಿಯಬೇಡಿ.

ಈ ದಾರಿಯನ್ನು ತೆರೆದವರಲ್ಲಿ ಕೋವೆನ್ ಒಳಗಿನವರೇ ಇದ್ದರು ಅನ್ನೋದು ನನಗೆ ಇಷ್ಟ. ಡೊರೀನ್ ವ್ಯಾಲಿಯೆಂಟೆ 1953ರಲ್ಲಿ ಗಾರ್ಡ್ನರ್‌ನಿಂದಲೇ ದೀಕ್ಷೆ ಪಡೆದವಳು, ಇವತ್ತು ವಿಕ್ಕನ್ನರು ಹೇಳುವ ಎಷ್ಟೋ ಮಂತ್ರಗಳನ್ನು ಬರೆದವಳು. ಅವನ ಪ್ರಚಾರದ ಹುಚ್ಚು ಸಹಿಸಲಾಗದೆ 1957ರಲ್ಲಿ ಹೊರಬಂದಳು. 1978ರಲ್ಲಿ ತನಗೆ ತಾನೇ ದೀಕ್ಷೆ ಕೊಟ್ಟುಕೊಳ್ಳುವ ವಿಧಿಯನ್ನು ಅಚ್ಚು ಹಾಕಿಸಿದಳು. ಗಾರ್ಡ್ನೇರಿಯನ್ ಪದ್ಧತಿಯನ್ನು ಅಮೆರಿಕಕ್ಕೆ ಒಯ್ದ ರೇಮಂಡ್ ಬಕ್‌ಲ್ಯಾಂಡ್ 1973ರಲ್ಲಿ ಸೀಕ್ಸ್-ವಿಕಾ ಅನ್ನುವ ಬೇರೆ ಪಂಥ ಕಟ್ಟಿ, ಅದರಲ್ಲಿ ಸ್ವ-ಸಮರ್ಪಣೆಗೆ ಜಾಗ ಕೊಟ್ಟ. ಆಮೇಲೆ 1988ರಲ್ಲಿ ಸ್ಕಾಟ್ ಕನ್ನಿಂಗ್‌ಹ್ಯಾಮ್ ಒಂಟಿ ಸಾಧಕರಿಗೇ ಅಂತ ಬರೆದ ಪುಸ್ತಕ ಬಂತು, ಮನೆಮನೆ ಸೇರಿತು. ಕೋವೆನ್‌ನವರು ಇವತ್ತಿಗೂ ಅದನ್ನು ನೋಡಿ ಮೂಗು ಮುರೀತಾರೆ. ನಾನು ಶುರು ಮಾಡಿದ್ದು ಅದರಿಂದಲೇ.

ಮೊದಲು ಒಂದು ವರ್ಷದ ಸುತ್ತು ಮುಗಿಸಿ, ಆಮೇಲೆ ಸಮರ್ಪಣೆ. ಎಂಟು ಹಬ್ಬ: ಅಕ್ಟೋಬರ್ 31ರ ಸೌವಿನ್, ಡಿಸೆಂಬರ್ ಆಯನದ (ಅತಿ ಚಿಕ್ಕ ಹಗಲಿನ ದಿನದ) ಯೂಲ್, ಫೆಬ್ರವರಿ ಮೊದಲಿಗೆ ಇಂಬೋಲ್ಕ್, ಮಾರ್ಚ್ ವಿಷುವ (ಹಗಲು ರಾತ್ರಿ ಸಮ ಇರುವ ದಿನ), ಮೇ 1ರ ಬೆಲ್ಟೇನ್, ಜೂನ್ ಆಯನ, ಆಗಸ್ಟ್ 1ರ ಲೂನಾಸಾ, ಸೆಪ್ಟೆಂಬರ್ ವಿಷುವ. ಜೊತೆಗೆ ಹುಣ್ಣಿಮೆಗಳು. ಪ್ರತಿ ಸಲ ಒಂದು ನೋಟ್‌ಬುಕ್ಕಿನಲ್ಲಿ ತಾರೀಕು, ಚಂದ್ರ, ಹವಾಮಾನ, ಏನು ಮಾಡಿದಿರಿ, ಏನನ್ನಿಸಿತು ಅಂತ ಬರೆದಿಡಿ. ‘ಏನೂ ಅನ್ನಿಸಲಿಲ್ಲ’ ಅನ್ನೋದನ್ನೂ ಬರೆಯಿರಿ. ಸೇಂಟ್ ಆಲ್ಬನ್ಸ್‌ನಲ್ಲಿ ಸೌವಿನ್ ದಿನ ನಾಲ್ಕೂವರೆಗೆಲ್ಲ ಹೊತ್ತು ಮುಳುಗುತ್ತೆ, ಜೂನಿನಲ್ಲಿ ಒಂಬತ್ತು ದಾಟಿದರೂ ಬೆಳಕು. ಇಲ್ಲಿ ಬದುಕುವವರಿಗೆ ಆ ಹಬ್ಬಗಳ ಅರ್ಥ ಮೈಗೇ ತಿಳಿಯುತ್ತೆ. ನಮ್ಮೂರಲ್ಲಿ ಕೂತು ಮಾಡುವವರಿಗೆ ಇದೇ ತೊಡಕು. ಜೂನ್ 21ಕ್ಕೆ ಸೂರ್ಯನ ಹಬ್ಬ ಅಂತ ಹೊರಗೆ ಬಂದರೆ ಮಲೆನಾಡಿನಲ್ಲಿ ಸೂರ್ಯನೆಲ್ಲಿ, ಮಳೆಯೇ ಮಳೆ. ಆಸ್ಟ್ರೇಲಿಯಾದ ವಿಕ್ಕನ್ನರಲ್ಲಿ ಬಹಳ ಜನ ಹಬ್ಬಗಳನ್ನು ಆರು ತಿಂಗಳು ತಿರುಗಿಸಿ ಹಾಕ್ಕೊಂಡಿದ್ದಾರೆ. ನೀವೂ ನಿಮ್ಮ ಆಕಾಶ ನೋಡಿ ಮಾಡಿ, ಇಂಗ್ಲಿಷ್ ಕ್ಯಾಲೆಂಡರ್ ನೋಡಿ ಅಲ್ಲ.

ಸಮರ್ಪಣೆಯ ದಿನ ಹೀಗೆ ಮಾಡಬಹುದು. ಒಂದು ಬಟ್ಟಲು ನೀರು, ಒಂದು ಚಿಟಿಕೆ ಉಪ್ಪು, ಮೇಣದಬತ್ತಿ, ಧೂಪ, ಕುಡಿಯೋಕೆ ಏನಾದರೂ, ಒಂದು ತುಂಡು ಬ್ರೆಡ್ಡೋ ರೊಟ್ಟಿಯೋ. ಬಾಡಿಗೆ ಫ್ಲ್ಯಾಟಿನವರು ಧೂಪದ ವಿಷಯದಲ್ಲಿ ಹುಷಾರು. ಊರಿಂದ ತಂದ ಸಾಂಬ್ರಾಣಿ ಹಾಕಿದರೆ ಹೊಗೆ ಅಲಾರಂ ಬಡ್ಕೊಳ್ಳುತ್ತೆ, ಮೂರು ಮಹಡಿಯ ಜನ ಕೆಳಗೆ ಬಂದು ನಿಲ್ತಾರೆ. ಅಲಾರಂಗೆ ಪ್ಲಾಸ್ಟಿಕ್ ಕಟ್ಟುವವರಿದ್ದಾರೆ, ಆ ಕೆಲಸ ಬೇಡ. ಒಣಗಿದ ಲ್ಯಾವೆಂಡರನ್ನು ಬಿಸಿನೀರಿಗೆ ಹಾಕಿಟ್ಟರೆ ಸಾಕು.

ಸ್ನಾನ ಮಾಡಿ, ಫೋನ್ ಬೇರೆ ಕೋಣೆಯಲ್ಲಿಡಿ. ಉಪ್ಪನ್ನು ನೀರಿಗೆ ಬೆರೆಸಿ ಸುತ್ತ ಚಿಮುಕಿಸಿ. ಬೆರಳು ಚಾಚಿ, ಪ್ರದಕ್ಷಿಣೆಯ ದಿಕ್ಕಿನಲ್ಲಿ ನಡೆದು ನಿಮ್ಮ ಸುತ್ತ ವೃತ್ತ ಎಳೆಯಿರಿ. ಪೂರ್ವಕ್ಕೆ ಗಾಳಿ, ದಕ್ಷಿಣಕ್ಕೆ ಬೆಂಕಿ, ಪಶ್ಚಿಮಕ್ಕೆ ನೀರು, ಉತ್ತರಕ್ಕೆ ಮಣ್ಣು, ಒಂದೊಂದಕ್ಕೂ ತಿರುಗಿ ಬಾ ಅನ್ನಿ. ಆ ನೀರಿನಿಂದ ಪಾದ, ಮೊಣಕಾಲು, ಕಿಬ್ಬೊಟ್ಟೆ, ಎದೆ, ತುಟಿ ಮುಟ್ಟಿಕೊಳ್ಳಿ. ಆಮೇಲೆ ನಿಮ್ಮ ಮಾತು. ಕನ್ನಡದಲ್ಲೇ ಹೇಳಿ, ದೇವಿಗೆ ಇಂಗ್ಲಿಷೇ ಬೇಕು ಅಂತ ಎಲ್ಲೂ ಇಲ್ಲ. ನಾನು ಹೇಳಿದ್ದು ಹೆಚ್ಚು ಕಡಿಮೆ ಇಷ್ಟು: “ಅವ್ವಾ, ನಿನ್ನ ಬೆಳಕಲ್ಲೂ ಕತ್ತಲಲ್ಲೂ ಬರ್ತೀನಿ. ಯಾರಿಗೂ ಕೇಡು ಬಯಸಿ ಈ ವೃತ್ತ ಎಳೆಯಲ್ಲ. ಕಲಿಯೋದು ನಿಲ್ಲಿಸಲ್ಲ.” ನೆರವೇರಿಸಲಾಗದ ಮಾತು ಕೊಡಬೇಡಿ. ರಾತ್ರಿ ಪಾಳಿ ಇರುವ ನರ್ಸ್ ‘ಪ್ರತಿ ಹುಣ್ಣಿಮೆಯೂ ತಪ್ಪಿಸಲ್ಲ’ ಅಂದರೆ ಮೂರನೇ ತಿಂಗಳಿಗೇ ಮಾತು ಮುರಿಯುತ್ತೆ. ಕೊನೆಗೆ ತಿಂದು, ಕುಡಿದು, ಒಂದಿಷ್ಟು ಮಣ್ಣಿಗೆ ಚೆಲ್ಲಿ, ದಿಕ್ಕುಗಳಿಗೆ ಹೋಗಿ ಬನ್ನಿ ಅಂತ ಹೇಳಿ, ಅಪ್ರದಕ್ಷಿಣವಾಗಿ ನಡೆದು ವೃತ್ತ ಬಿಚ್ಚಿ. ತಾರೀಕು ಬರೆದಿಡಿ.

ಇದನ್ನು ದೀಕ್ಷೆ ಅನ್ನಬೇಕೋ ಸಮರ್ಪಣೆ ಅನ್ನಬೇಕೋ ಅನ್ನುವ ಜಗಳ ಮುಗಿಯೋದಿಲ್ಲ. ನನ್ನ ಮಟ್ಟಿಗೆ ಒಂದೇ ನಿಯಮ. ನೀವು ವಿಚ್, ವಿಕ್ಕನ್ ಅನ್ನಿ, ಯಾರೂ ಕೇಳುವ ಹಾಗಿಲ್ಲ. ಗಾರ್ಡ್ನೇರಿಯನ್, ಅಲೆಕ್ಸಾಂಡ್ರಿಯನ್ ಅನ್ನಬೇಡಿ, ಆ ಹೆಸರು ಬರೋದು ಇನ್ನೊಬ್ಬರ ಕೈಯಿಂದ ಮಾತ್ರ. ನಿಮಗೆ ನೀವೇ ಎರಡು ಮೂರು ಡಿಗ್ರಿ ಕೊಟ್ಟುಕೊಳ್ಳೋದಂತೂ ನಗೆಪಾಟಲು. ಆ ಡಿಗ್ರಿಗಳು ಬೇರೆಯವರಿಗೆ ಕಲಿಸುವ, ಕೋವೆನ್ ನಡೆಸುವ ಹೊಣೆಗೆ ಸಂಬಂಧಿಸಿದ್ದು, ಒಬ್ಬರೇ ಇರುವಲ್ಲಿ ಅವುಗಳಿಗೆ ಕೆಲಸವೇ ಇಲ್ಲ. ಎರಡರ ನಡುವೆ ಬೇಕು ಅನ್ನುವವರಿಗೆ ಸ್ಯಾನ್ ಫ್ರಾನ್ಸಿಸ್ಕೊ ಕಡೆಯ ರಿಕ್ಲೇಮಿಂಗ್‌ನಂಥ ಪಂಥ ಇದೆ. ಅಲ್ಲಿ ಡಿಗ್ರಿಯ ಮೆಟ್ಟಿಲಿಲ್ಲ, ದೀಕ್ಷೆ ಬೇಕಾದವರಿಗೆ ಮಾತ್ರ.

ಒಬ್ಬರೇ ಇದ್ದವರು ಆಮೇಲೆ ಕೋವೆನ್ ಸೇರೋದು ಸಾಧ್ಯವೇ? ಸಾಧ್ಯ, ನಾನೇ ಸೇರಿದ್ದೀನಲ್ಲ. ಆದರೆ ಹಿಂದಿನ ವರ್ಷಗಳು ಲೆಕ್ಕಕ್ಕೆ ಬರಲ್ಲ. ಹತ್ತು ವರ್ಷ ಮಾಡಿದವರೂ ನಿನ್ನೆ ಬಂದವರೂ ಹೊರ ಅಂಗಳದಲ್ಲಿ ಒಂದೇ ಬೆಂಚಿನಲ್ಲಿ ಕೂರಬೇಕು. ಅದಕ್ಕೆ ಮನಸ್ಸು ಒಪ್ಪದವರು ಒಬ್ಬರೇ ಇರೋದೇ ಸುಖ.

ಊರಿನವರಿಗೆ ಎರಡು ಮಾತು

ಭಾರತದಲ್ಲಿ ವಿಕ್ಕಾ ಹೆಸರು ಕೇಳಿಸಿದ್ದು ಹೆಚ್ಚಾಗಿ ಕೋಲ್ಕತ್ತಾದ ಇಪ್ಸಿತಾ ರಾಯ್ ಚಕ್ರವರ್ತಿ ಅವರಿಂದ. ಬೆಂಗಳೂರಲ್ಲಿ ಕೂತು ಆಸಕ್ತಿ ಹುಟ್ಟಿದವರು ಒಬ್ಬರೇ ಶುರು ಮಾಡಿ ಅನ್ನೋದು ನನ್ನ ಸಲಹೆ. ‘ನಾನು ಮಾಟಗಾತಿ’ ಅಂತ ಇನ್‌ಸ್ಟಾಗ್ರಾಂನಲ್ಲಿ ಹಾಕ್ಕೊಳ್ಳೋ ಮುಂಚೆ ಮಾತ್ರ ಸ್ವಲ್ಪ ಯೋಚಿಸಿ. ಆ ಹೆಸರು ಹೊರಿಸಿ ಹೆಂಗಸರನ್ನು ಹೊಡೆದು ಕೊಂದ ದೇಶ ನಮ್ಮದು. ಕರ್ನಾಟಕದಲ್ಲಿ ವಾಮಾಚಾರ ಮತ್ತು ಅಮಾನವೀಯ ಆಚರಣೆಗಳ ವಿರುದ್ಧ 2017ರ ಕಾಯ್ದೆ ಇದೆ. ನಿಮ್ಮ ಪಾಡಿಗೆ ದೀಪ ಹಚ್ಚಿ ಕೂತರೆ ಅದಕ್ಕೂ ನಿಮಗೂ ಸಂಬಂಧ ಇಲ್ಲ. ಆದರೆ ದುಡ್ಡು ತಗೊಂಡು ಮಾಟ ತೆಗೀತೀನಿ, ಗಂಡನ್ನು ವಶ ಮಾಡಿಕೊಡ್ತೀನಿ ಅನ್ನೋಕೆ ಹೊರಟರೆ ವಿಕ್ಕಾ ಹೆಸರು ಕಾಪಾಡಲ್ಲ.

ಮನೆಯಲ್ಲಿ ಹೇಳೋದು ಹೇಗೆ ಅಂತ ಕೇಳ್ತಾರೆ. ನಮ್ಮವ್ವನಿಗೆ ಫೋನಿನಲ್ಲಿ ಹೇಳಿದಾಗ, “ಹುಟ್ಟಿದಾಗ್ಲೇ ಲಿಂಗ ಕಟ್ಟೈತಿ, ಮತ್ಯಾವ ದೀಕ್ಷಾ ಬೇಕಾಗಿತ್ತವ್ವ ನಿಂಗ?” ಅಂದಳು. ಅವಳ ಪ್ರಶ್ನೆ ನ್ಯಾಯವಾದದ್ದೇ. ಹಿಂದಿನದನ್ನು ಬಿಡು ಅಂತ ನನ್ನ ಕೋವೆನ್ ಕೇಳಲಿಲ್ಲ, ನಾನೂ ಬಿಟ್ಟಿಲ್ಲ. ನಿಮ್ಮ ಮನಸ್ಸಿಗೆ ಎರಡು ಒಟ್ಟಿಗೆ ನಿಲ್ಲೋದಿಲ್ಲ ಅನ್ನಿಸಿದರೆ ಪ್ರಮಾಣಕ್ಕೆ ಮುಂಚೆ ಇತ್ಯರ್ಥ ಮಾಡ್ಕೊಳ್ಳಿ. ಗುಟ್ಟು ಕಾಯುವ ಮಾತು ಕೊಟ್ಟ ಮೇಲೆ ಮನೆಯವರ ಹತ್ತಿರ ಬಾಯಿ ಬಿಟ್ಟು ಚರ್ಚಿಸುವ ಹಾಗಿಲ್ಲ.

ಬಿಡಬೇಕು ಅನ್ನಿಸಿದರೆ

ಕೋವೆನ್ ಬಿಡೋದನ್ನೂ ಕಲಿಯಬೇಕು. ಮೆಸೇಜು ನೋಡಿಯೂ ಸುಮ್ಮನಿದ್ದು ಮಾಯ ಆಗೋದು ಬೇಡ, ಹೈ ಪ್ರೀಸ್ಟೆಸ್‌ಗೆ ನೇರವಾಗಿ ಹೇಳಿ. ಬುಕ್ ಆಫ್ ಶ್ಯಾಡೋಸ್, ಅಂದ್ರೆ ನೀವು ಕೈಯಾರೆ ನಕಲು ಮಾಡ್ಕೊಂಡ ವಿಧಿಗಳ ಪುಸ್ತಕ, ವಾಪಸ್ ಕೊಡಬೇಕಾ ಅಂತ ಕೇಳಿ. ಅಳತೆಯ ದಾರ ಅವರ ಹತ್ತಿರ ಇದ್ದರೆ ಅದನ್ನೂ ಕೇಳಿ, ಸಿಟ್ಟಿನಲ್ಲಿ ಬಿಟ್ಟವರಿಗೆ ಅದು ಸುಲಭವಾಗಿ ಸಿಗಲಿಕ್ಕಿಲ್ಲ. ಆದ ಡಿಗ್ರಿಯನ್ನು ಯಾರೂ ವಾಪಸ್ ಕಿತ್ಕೊಳ್ಳೋಕೆ ಆಗಲ್ಲ, ಕೊಟ್ಟ ಪ್ರಮಾಣವೂ ಹಾಗೇ ಉಳಿಯುತ್ತೆ. ಅದೇ ಸಾಲಿನ ಬೇರೆ ಕೋವೆನ್ ಸೇರುವುದಾದರೆ ಅವರು ನಿಮ್ಮ ಹಳೇ ಹೈ ಪ್ರೀಸ್ಟೆಸ್‌ಗೆ ಫೋನ್ ಮಾಡಿ ವಿಚಾರಿಸ್ತಾರೆ, ಆ ಫೋನಿಗೆ ಒಳ್ಳೇ ಉತ್ತರ ಸಿಗುವ ಹಾಗೆ ಹೊರಗೆ ಬನ್ನಿ.